ಮಾವನ ಕಾಲಿಗೆ ತಣ್ಣೀರು

ಮೊನ್ನೆ ಹಿತ್ತಲಿನಿಂದ ಹಸಿ ಗೋಣಿಯ ವಾಸನೆ ಬಂತು. ಅಕ್ಕಿ ಆರಿಸುತ್ತ ಕೂತಿದ್ದವಳು ಮೊರ ಕೆಳಗಿಟ್ಟು ಎದ್ದೆ. ಎದ್ದು ಎಲ್ಲಿಗೆ ಹೊರಟೆನೆಂದು ನನಗೇ ಗೊತ್ತಾಗಲಿಲ್ಲ. ಕೈ ಮಾತ್ರ ಬಾವಿಯ ಹಗ್ಗ ಹುಡುಕಿಕೊಂಡು ಮುಂದಕ್ಕೆ ಬಂದಿತ್ತು. ಲಕ್ಕೂರಿನ ನಮ್ಮ ಮನೆಯ ಬಾವಿ ಮುಚ್ಚಿ ಎಷ್ಟೋ ವರ್ಷವಾಯಿತು...

ಹಿತ್ತಲಲ್ಲಿ ನನ್ನ ತಮ್ಮನ ಮೊಮ್ಮಗಳು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂತಿದ್ದಳು. ಕಾಲೇಜಿನ ಪರವಾಗಿ ಓಡುವ ಹುಡುಗಿ. ಅವತ್ತು ಮಾಲೂರಿನ ರಸ್ತೆಯಲ್ಲಿ ಬಹಳ ದೂರ ಓಡಿ ಬಂದಿದ್ದಳಂತೆ. ಗೋಣಿಯಲ್ಲಿ ಸುತ್ತಿ ತಂದ ಐಸಿನ ಗಡ್ಡೆಯನ್ನು ಒಡೆದು ನೀರಿಗೆ ಹಾಕಿಕೊಂಡು, ಸೊಂಟದವರೆಗೆ ಮುಳುಗಿ, ಹಲ್ಲು ಕಟಕಟ ಅನ್ನಿಸುತ್ತಿದ್ದಳು.

"ಏನೇ ಇದು, ಸನ್ನಿ ಹಿಡಿಸ್ಕೊಂಡು ಸಾಯ್ತೀಯಾ?" ಎಂದು ಅವಳ ತಾಯಿ ಬಯ್ಯುತ್ತಿದ್ದಳು.

"ಇದು ಹೊಸಾ ಪದ್ಧತಿ ಕಣಮ್ಮ. ಓಡಿ ಬಂದ್ಮೇಲೆ ತಣ್ಣೀರಲ್ಲಿ ಕೂತ್ರೆ ನಾಳೆ ಕಾಲು ಹಿಡಿಯಲ್ಲ. ನಮ್ಮ ಕೋಚ್ ಹೇಳಿದ್ದಾರೆ."

ಹೊಸ ಪದ್ಧತಿಯಂತೆ! ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಒದ್ದೆ ಗೋಣಿಯನ್ನು ಎತ್ತಿ ಹಿಂಡಿ, ಮಡಿಸಿ, ಅವಳ ಪಕ್ಕದಲ್ಲಿಟ್ಟೆ. ನೀರಿನಿಂದ ಎದ್ದ ಮೇಲೆ ಅದನ್ನು ಮೀನಖಂಡಕ್ಕೆ ಸುತ್ತಿಕೊಳ್ಳಬೇಕು ಎಂದು ಅವಳ ಕೋಚಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿತ್ತು. ನನಗೆ ಕಲಿಸಿದವರು ನನ್ನ ಮಾವ, ನನ್ನ ಗಂಡನ ತಂದೆ.

ಮಾವ ಟಪಾಲಿನ ರನ್ನರ್ ಆಗಿದ್ದರು. ಗೌನಿಪಲ್ಲಿಯಿಂದ ಬೆಳಿಗ್ಗೆ ಟಪಾಲು ಚೀಲ ಹೊತ್ತು ಓಡಿದರೆ, ಆರು ಮೈಲಿ ಆಚೆ ಒಂದು ಹುಣಸೆಮರದ ಕೆಳಗೆ ಶ್ರೀನಿವಾಸಪುರದ ಕಡೆಯ ರನ್ನರ್ ಸಿಗುತ್ತಿದ್ದ. ಚೀಲ ಅದಲುಬದಲು ಮಾಡಿಕೊಂಡು ತಿರುಗಿ ಆರು ಮೈಲಿ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ತಲೆಗೆ ಕೆಂಪು ರುಮಾಲು. ಮಧ್ಯಾಹ್ನದ ಹೊತ್ತಿಗೆ ಗೆಜ್ಜೆಯ ಸದ್ದು ನಮ್ಮ ಮನೆಯ ಮುಂದೆಯೇ ಹಾದು ಟಪಾಲು ಕಚೇರಿಗೆ ಹೋಗುತ್ತಿತ್ತು. ಅಲ್ಲಿ ಪೋಸ್ಟ್ ಮಾಸ್ಟರು ಚೀಲ ಬಿಚ್ಚಿ ಕಾಗದಗಳನ್ನು ವಿಂಗಡಿಸಿದ ಮೇಲೆ ಮಾವ ಮನೆಗೆ ಬರುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಹೋದಾಗ ನನಗೆ ಹದಿನಾರು. ಅತ್ತೆ ತೀರಿಹೋಗಿ ಒಂದು ವರ್ಷವಾಗಿತ್ತು. ಮನೆಯಲ್ಲಿ ನಾವು ಮೂವರೇ, ಮಾವ, ನನ್ನ ಯಜಮಾನರು, ನಾನು. ಆ ಕಾಲದಲ್ಲಿ ಸೊಸೆ ಮಾವನ ಎದುರಿಗೆ ನಿಲ್ಲುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಅವರೂ ಅಷ್ಟೇ, ಸೊಸೆಯನ್ನು ನೇರವಾಗಿ ಮಾತಾಡಿಸುವಂತಿಲ್ಲ. ಏನು ಬೇಕು, ಏನು ಬೇಡ ಎಂದು ಹೇಳಿಕೊಡಲು ಅತ್ತೆಯೂ ಇಲ್ಲ. ಇದರಿಂದಲೇ ಮೊದಲ ವಾರ ನಾನು ಮಾಡಬಾರದ್ದನ್ನು ಮಾಡಿದೆ.

ಮಾವ ಓಡಿ ಬಂದ ಮೇಲೆ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಕಾಲು ಚಾಚಿ ಕೂರುತ್ತಾರೆ, ಅದಕ್ಕೆ ನೀರು ತುಂಬಿಸಬೇಕು ಎಂದು ಮಾತ್ರ ಯಜಮಾನರು ಹೇಳಿ ಹೊಲಕ್ಕೆ ಹೋದರು. ನನ್ನ ತವರು ಲಕ್ಕೂರಿನಲ್ಲಿ ನಡೆದು ದಣಿದವರಿಗೆ ಹರಳೆಣ್ಣೆ ಹಚ್ಚಿ ಬಿಸಿನೀರು ಹಾಕುವುದು ವಾಡಿಕೆ. ನಾನು ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ತೊಟ್ಟಿಗೆ ತುಂಬಿಸಿ, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು, ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಮಾವ ಬಂದರು. ರುಮಾಲು ಬಿಚ್ಚಿ ಮಾವಿನ ಕೊಂಬೆಗೆ ಸಿಕ್ಕಿಸಿದರು. ನೀರಿಗೆ ಕೈ ಅದ್ದಿ ತಕ್ಷಣ ಹಿಂದಕ್ಕೆಳೆದುಕೊಂಡರು. ಬಾಗಿಲ ಕಡೆ ಒಂದು ಸಲ ನೋಡಿದರು. ಆಮೇಲೆ ಆ ಸುಡು ಮಧ್ಯಾಹ್ನ, ಆ ಬಿಸಿನೀರಿನಲ್ಲಿ ಇಳಿದು ಕೂತರು. ನನಗೋ ಹೆಮ್ಮೆ!

ಮೂರು ದಿನ ಹಾಗೇ ಕೊಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಮಾವ ಗೋಡೆ ಹಿಡಿದುಕೊಂಡು ಎದ್ದರು. ಮೀನಖಂಡ ಕಲ್ಲಾಗಿತ್ತು. ಅವತ್ತು ಟಪಾಲು ತಡವಾಯಿತು. ಶ್ರೀನಿವಾಸಪುರದ ರನ್ನರ್ ಹುಣಸೆಮರದ ಕೆಳಗೆ ಕಾದು ಕಾದು ಸಾಕಾಗಿ, ಎದುರಿಗೆ ಅರ್ಧ ದಾರಿ ಬಂದಿದ್ದನಂತೆ. ಮಾವನ ಹೆಸರಿಗೆ ಅದುವರೆಗೆ ಒಂದೂ ಕಪ್ಪು ಗುರುತು ಬಿದ್ದಿರಲಿಲ್ಲ. ಅವತ್ತು ಬಿತ್ತು.

ವಿಷಯ ತಿಳಿದ ಎದುರುಮನೆ ಅಜ್ಜಿ ಓಡಿ ಬಂದಳು. ಹಂಡೆಯ ಕೆಳಗೆ ಉರಿಯುತ್ತಿದ್ದ ಸೌದೆ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಪಿಚ್ಚಿದಾನಾ, ಹುಚ್ಚೀ! ಓಡಿ ಬಂದ ಕಾಲಿಗೆ ಬಿಸಿನೀರು ಕೊಟ್ರೆ ಬೇಯ್ಸಿದ ಗೆಣಸಾಗ್ತವೆ ಕಣೇ. ನಿಮ್ಮತ್ತೆ ಒಂದಿನ ತಪ್ಪದೆ ಬಾವಿ ತಳದ ತಣ್ಣೀರು ಸೇದಿ ಕೊಡ್ತಿದ್ಳು."

"ಮತ್ತೆ ಮಾವ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೊಸ ಸೊಸೆ ಮೊದಲ್ನೇ ಸಲ ಕೊಟ್ಟ ನೀರು. ಬೇಡ ಅನ್ನೋಕೆ ಅವನಿಗೆ ಬಾಯಿ ಬರಬೇಕಲ್ಲ!"

ಒಳಗೆ ಹೋಗಿ ಒಲೆ ಮುಂದೆ ಕೂತು ಅತ್ತುಬಿಟ್ಟೆ. ನಾಚಿಕೆಗೆ ಅತ್ತದ್ದು. ಆಮೇಲೆ ಹಂಡೆಯ ನೀರನ್ನೆಲ್ಲ ತೆಂಗಿನ ಬುಡಕ್ಕೆ ಚೆಲ್ಲಿ, ಗೆಜ್ಜೆ ಹಾದುಹೋದ ತಕ್ಷಣ ಬಾವಿಗೆ ಬಿಂದಿಗೆ ಬಿಟ್ಟೆ. ಇಪ್ಪತ್ತು ಬಿಂದಿಗೆ. ಮೊದಲೇ ಸೇದಿಟ್ಟರೆ ಬಿಸಿಲಿಗೆ ಕಾಯುತ್ತದೆ, ಆಗಿಂದಾಗ ಸೇದಿದ್ದೇ ಆಗಬೇಕು. ಮಾವ ಬಂದು ನೀರಿಗೆ ಕೈ ಅದ್ದಿದರು. ತೊಟ್ಟಿಯ ಪಕ್ಕದಲ್ಲಿ ನಮ್ಮ ಎಮ್ಮೆ ಕಟ್ಟಿತ್ತು. ಅದರ ಕಡೆ ತಿರುಗಿ, "ನೋಡಿದ್ಯೇನೇ, ನಮ್ಮ ಅಮ್ಮಾಯಿಗೆ ಎಲ್ಲಾ ಗೊತ್ತಾಗೋಯ್ತು" ಎಂದರು. ಆ ಕಡೆಯ ತೆಲುಗು ಮಾತಿನಲ್ಲಿ ಅಮ್ಮಾಯಿ ಎಂದರೆ ಹುಡುಗಿ.

ಅಲ್ಲಿಂದಾಚೆ ನಮ್ಮಿಬ್ಬರ ಮಾತೆಲ್ಲ ಎಮ್ಮೆಯ ಮೂಲಕವೇ. "ಇವತ್ತು ಸಾರು ಚೆನ್ನಾಗಿತ್ತು ಕಣೇ" ಎಂದು ಅವರು ಎಮ್ಮೆಗೆ ಹೇಳುವರು. "ನಾಳೆ ಹುಣಸೆಹಣ್ಣು ತರಬೇಕಂತೆ" ಎಂದು ನಾನು ಬಾಗಿಲ ಹಿಂದಿನಿಂದ ಎಮ್ಮೆಗೆ ಹೇಳುವೆ. ಅದರ ಕುಡಿಯುವ ತೊಟ್ಟಿಯನ್ನು ದಿನಾ ಕಿತ್ತುಕೊಳ್ಳುತ್ತಿದ್ದೆವು, ಮೇಲೆ ಈ ಕೆಲಸ ಬೇರೆ. ಪಾಪ, ಮೆಲುಕು ಹಾಕುತ್ತ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು.

ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಮಾವ ತೊಟ್ಟಿಯಲ್ಲಿ ಕೂತರೆ, ಅದು ಅಗಿದು ಮುಗಿಯುವವರೆಗೆ ಏಳುತ್ತಿರಲಿಲ್ಲ. ಎದ್ದ ಮೇಲೆ ಒದ್ದೆ ಗೋಣಿಯನ್ನು ಮೀನಖಂಡಕ್ಕೆ ಸುತ್ತಿಕೊಂಡು, ಮಾವಿನ ಮರದ ಬುಡಕ್ಕೆ ಕಾಲೆತ್ತಿ ಒರಗಿಸಿ, ನೆಲದ ಮೇಲೆ ಮಲಗುತ್ತಿದ್ದರು. ಮರುದಿನ ಬೆಳಿಗ್ಗೆ ಕಾಲು ಮತ್ತೆ ಹುಡುಗನ ಕಾಲು.

ಒಂದು ವರ್ಷ ಏಳು ತಿಂಗಳು ಯಜಮಾನರೊಂದಿಗೆ ಬಾಳಿದೆ. ಆಮೇಲೆ ಯುದ್ಧ ಬಂತು, ಅವರು ಪಟಾಲಮ್ಮಿಗೆ ಸೇರಿದರು. ಬೇಡ ಅಂದೆ, ಕೇಳಲಿಲ್ಲ. ಅವರ ಮುಖ ಈಗ ನನಗೆ ಸರಿಯಾಗಿ ನೆನಪಿಗೆ ಬರುವುದಿಲ್ಲ... ತಲೆ ಬಾಚುವಾಗ ಏನೋ ಗುನುಗುತ್ತಿದ್ದರು. ಅದೂ ಏನು ಹಾಡೆಂದು ಮರೆತಿದೆ.

ಅವರ ಕಾಗದಗಳನ್ನೂ ಮಾವನೇ ಹೊತ್ತು ತರುತ್ತಿದ್ದರು. ಮೊಹರು ಹಾಕಿದ ಚೀಲ, ಒಳಗೆ ಮಗನ ಕಾಗದ ಇದೆಯೋ ಇಲ್ಲವೋ ಹೊತ್ತವರಿಗೇ ಗೊತ್ತಿಲ್ಲ. ಕಚೇರಿಯಲ್ಲಿ ಬಿಚ್ಚಿದ ಮೇಲೆ, ಇದ್ದರೆ, ತಂದು ಹಿತ್ತಲ ಹೊಸ್ತಿಲ ಮೇಲಿಟ್ಟು, ಹಾರಿಹೋಗದಂತೆ ಲೋಟ ಕವುಚಿ, ತಾವು ನೀರಿಗಿಳಿಯುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಎಮ್ಮೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನನಗೆ ಕನ್ನಡ ಓದಲು ಬರುತ್ತಿತ್ತು, ಮಾವನಿಗೆ ಬರುತ್ತಿರಲಿಲ್ಲ. ಕಾಗದ ಬಂದ ದಿನ ಎಲೆಅಡಿಕೆ ಮುಗಿದರೂ ಅವರು ನೀರಿನಿಂದ ಏಳುತ್ತಿರಲಿಲ್ಲ. "ಇನ್ನೊಂದು ಸಲ ಓದಬೇಕಂತೆ ಕಣೇ" ಎಂದು ಎಮ್ಮೆಗೆ ಹೇಳುತ್ತಿದ್ದರು. ಕಾಗದ ಬಾರದ ದಿನ ಏನೂ ಹೇಳುತ್ತಿರಲಿಲ್ಲ. ಬರಿದಾದ ಹೊಸ್ತಿಲು ನೋಡಿದರೆ ನನಗೇ ತಿಳಿಯುತ್ತಿತ್ತು.

ಬರ್ಮಾ ಕಡೆ ಹೋಗುತ್ತಿದ್ದೇವೆ ಎಂಬ ಕಾಗದ ಬಂತು. ಅದಾದ ಮೇಲೆ ನಿಂತುಹೋಯಿತು. ಒಂದು ತಿಂಗಳು, ಎರಡು, ಐದು... ಗೆಜ್ಜೆಯ ಸದ್ದು ಕೇಳಿದರೆ ಇವತ್ತು ಇದ್ದೇ ಇರುತ್ತದೆ ಎಂದುಕೊಂಡು ಬಾವಿಗೆ ಓಡುತ್ತಿದ್ದೆ. ಇಪ್ಪತ್ತು ಬಿಂದಿಗೆ ಸೇದಿ ಮುಗಿಸಿ ನೋಡಿದರೆ ಹೊಸ್ತಿಲು ಬರಿದಾಗಿಯೇ ಇರುತ್ತಿತ್ತು.

ಒಂದು ದಿನ ಮಾವ ಕಚೇರಿಯಿಂದ ಬರುವುದು ಬಹಳ ತಡವಾಯಿತು. ಬಂದವರು ರುಮಾಲನ್ನು ದಿನದ ಕೊಂಬೆಗೆ ಸಿಕ್ಕಿಸದೆ, ಕೈ ಚಾಚಿ ಮೇಲಿನ ಕೊಂಬೆಗೆ ಸಿಕ್ಕಿಸಿದರು. ನೀರಿಗೆ ಕೈ ಅದ್ದಿ ನೋಡಲಿಲ್ಲ. ಎಲೆಅಡಿಕೆ ಹಾಕಿಕೊಳ್ಳಲಿಲ್ಲ. ಇಳಿದು, ಕೂತು, ಹಾಗೇ ಜಾರಿ ತಲೆಯನ್ನೂ ಮುಳುಗಿಸಿಕೊಂಡರು. ಸಂದಿಯಿಂದ ನೋಡುತ್ತಿದ್ದ ನಾನು ಹೆದರಿ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಎದ್ದರು. ತುಟಿ ನೀಲಿಗಟ್ಟಿತ್ತು. ಎಮ್ಮೆಯ ಕಡೆ ನೋಡದೆಯೇ, "ಇವತ್ತೂ ಇಲ್ಲ ಕಣೇ" ಎಂದರು.

ಕಾಗದ ಬಂತೇ ಎಂದು ನಾನು ಕೇಳಿರಲಿಲ್ಲ. ಅವರು ಹಾಗೆ ಹೇಳಿದ್ದು ಅದೇ ಮೊದಲು. ಅಲ್ಲಿಂದಾಚೆ ದಿನಾ ಹೇಳತೊಡಗಿದರು. ನೀರಿಗಿಳಿಯುವ ಮೊದಲು ಒಂದೇ ಮಾತು, ಇವತ್ತೂ ಇಲ್ಲ ಕಣೇ. ಪಾಪ, ನನಗೆ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡೆ. ಎಂಥ ದಡ್ಡಿ ನಾನು!

ಅದಾಗಿ ಮೂರು ದಿನಕ್ಕೆ ಬಳೆಗಾರ ಬಂದ. ನಾನು ಕರೆದಿರಲಿಲ್ಲ. ಮಾವ ಜಗಲಿಯ ಮೇಲೆ ಕೂತು, "ನಮ್ಮ ಅಮ್ಮಾಯಿಗೆ ಎರಡು ಕೈಗೂ ಹಸಿರು ಬಳೆ ತುಂಬ್ಸಪ್ಪ. ಒಂದೂ ಕಮ್ಮಿ ಆಗ್ಬಾರ್ದು" ಎಂದರು. ಮಾವನಾದವನು ಸೊಸೆಯ ಬಳೆಯ ವಿಚಾರ ಎತ್ತುವುದುಂಟೇ? ಎದುರುಮನೆ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ನನಗೂ ನಾಚಿಕೆಯಾಯಿತು. ಆಮೇಲೆ ಪ್ರತಿ ಹಬ್ಬಕ್ಕೂ ಬಳೆಗಾರ ತಾನಾಗಿಯೇ ಬರುತ್ತಿದ್ದ.

ಹೀಗೆ ವರ್ಷಗಳು ಹೋದವು. ಯುದ್ಧ ಮುಗಿಯಿತೆಂದು ಊರಲ್ಲಿ ಮಿಠಾಯಿ ಹಂಚಿದರು. ಅವರಿವರ ಮಕ್ಕಳು ಊರಿಗೆ ಬಂದರು. ನಮ್ಮ ಮನೆಯಲ್ಲಿ ಮಾತ್ರ ಇವತ್ತೂ ಇಲ್ಲ. ಮಾವನ ಬಲಗಾಲು ಬಾತುಕೊಳ್ಳತೊಡಗಿತ್ತು. ಟಪಾಲಿನ ಮೇಲಧಿಕಾರಿ ಬಂದು, ವಯಸ್ಸಾಯಿತು, ಓಟ ಬಿಡು, ಕಚೇರಿಯಲ್ಲೇ ಕೂತು ಕಾಗದಕ್ಕೆ ಮುದ್ರೆ ಒತ್ತು, ಓಡಲು ಹೊಸಬನನ್ನು ಹಾಕುತ್ತೇವೆ ಎಂದರಂತೆ. ಯಾರಿಗೂ ತಲೆಬಾಗದ ಮಾವ ಅವರ ಕಾಲು ಹಿಡಿದರಂತೆ. ಒಂದು ದಿನ ತಡವಾದರೂ ಬಿಟ್ಟುಬಿಡುತ್ತೇನೆ, ಅಲ್ಲಿಯವರೆಗೆ ಈ ಚೀಲ ನನ್ನ ಬೆನ್ನಿನ ಮೇಲೇ ಇರಲಿ ಎಂದು ಕೇಳಿಕೊಂಡರಂತೆ.

ಮಗನ ಕಾಗದ ತಾನೇ ತರಬೇಕೆಂಬ ಆಸೆ ಎಂದುಕೊಂಡೆ. ನನಗೂ ಅದೇ ಆಸೆ. ಆ ಕಾಲನ್ನು ಓಡಿಸುವುದು ಈಗ ನನ್ನ ಕೆಲಸವೂ ಆಯಿತು. ಇಪ್ಪತ್ತು ಬಿಂದಿಗೆ ನಲವತ್ತಾಯಿತು. ನೀರು ಬೆಚ್ಚಗಾದಂತೆಲ್ಲ ಚೆಲ್ಲಿ ಹೊಸದು ಹಾಕಬೇಕು. ಬೇಸಿಗೆಯಲ್ಲಿ ಒದ್ದೆ ಮರಳಿನಲ್ಲಿ ಮಡಕೆಗಳನ್ನು ಹೂತು, ಮೇಲೆ ಹಸಿ ಗೋಣಿ ಹೊದಿಸಿ, ಅದರ ನೀರನ್ನೂ ಸೇರಿಸುತ್ತಿದ್ದೆ. ಅಂಗೈ ಸಿಪ್ಪೆ ಎದ್ದು ಆಮೇಲೆ ಗಡುಸಾಯಿತು. ನೋವು ಗೀವು ಏನೂ ಅನ್ನಿಸುತ್ತಿರಲಿಲ್ಲ.

ಆ ವರ್ಷವೇ ಎಮ್ಮೆ ಸತ್ತುಹೋಯಿತು. ಮರುದಿನ ಮಾವ ಬಂದು ಖಾಲಿ ಗೂಟದ ಮುಂದೆ ನಿಂತರು. ಆಮೇಲೆ ಬಾಗಿಲ ಕಡೆ ತಿರುಗಿ, "ಇವತ್ತೂ ಇಲ್ಲ ಅಮ್ಮಾಯಿ" ಎಂದರು. ನನ್ನನ್ನು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. ನನಗೂ ಧೈರ್ಯ ಬಂತು.

"ಮಾವಯ್ಯಾ, ಈ ನೀರಿಗೆ ನೋವು ಹೋಗುತ್ತಾ?"

"ಹೋಗಲ್ಲ ಅಮ್ಮಾಯಿ. ಸ್ವಲ್ಪ ಹೊತ್ತು ಗೊತ್ತಾಗಲ್ಲ, ಅಷ್ಟೆ. ನಾಳೆ ಓಡೋಕೆ ಅಷ್ಟು ಸಾಕು."

ಮಾವಿನಕಾಯಿ ಕೀಳುವ ಕಾಲ. ಒಂದು ಮಧ್ಯಾಹ್ನ ಗೆಜ್ಜೆಯ ಸದ್ದು ದೂರದ ತಿರುವಿನಲ್ಲಿ ಕೇಳಿಸಿತು. ಹಗ್ಗಕ್ಕೆ ಕೈ ಹಾಕಿದೆ. ಸದ್ದು ಹತ್ತಿರ ಬಂತು. ನಿಂತಿತು. ಮನೆ ಮುಂದೆ ಹಾದುಹೋಗಲೇ ಇಲ್ಲ... ತುಂಬಿದ ಬಿಂದಿಗೆ ಅರ್ಧಕ್ಕೆ ಬಂದಿತ್ತು. ಹಗ್ಗ ಬಿಟ್ಟೆ. ಬಿಂದಿಗೆ ಬಾವಿಗೆ ಬಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಎಂದೂ ರಸ್ತೆಗೆ ಒಬ್ಬಳೇ ಇಳಿಯದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ.

ಮೈಲಿಗಲ್ಲಿಗೆ ಒರಗಿ ಕೂತಿದ್ದರು. ಚೀಲ ತೊಡೆಯ ಮೇಲಿತ್ತು. "ಚೀಲ ಮೊದ್ಲು" ಎಂದರು. ಪಕ್ಕದ ಮಾವಿನ ತೋಟದಿಂದ ಓಡಿ ಬಂದವರಲ್ಲಿ ಒಬ್ಬ ಚೀಲ ಹೊತ್ತು ಕಚೇರಿಗೆ ಓಡಿದ. ಉಳಿದವರು ಮಾವನನ್ನು ಎತ್ತಿ ಮನೆಗೆ ತಂದರು. ನಾನು ಗೋಣಿ ನೆನೆಸಿ ಕಾಲಿಗೆ ಸುತ್ತಿದೆ. ಮಾವನ ಕಾಲು ಮುಟ್ಟಿದ್ದು ಅದೇ ಮೊದಲು, ಯಾರೂ ಏನೂ ಅನ್ನಲಿಲ್ಲ. ದನ ಮನೆಗೆ ಬರುವ ಹೊತ್ತಿಗೆ ಪ್ರಾಣ ಹೋಯಿತು.

ಮರುದಿನ ಬೆಳಿಗ್ಗೆ ಹೆಣಕ್ಕೆ ಸ್ನಾನ ಮಾಡಿಸಲು ಅಂಗಳದಲ್ಲಿ ಹಂಡೆ ಇಟ್ಟು ನೀರು ಕಾಯಿಸುತ್ತಿದ್ದರು. ಹಾಗೇ ಪದ್ಧತಿ. ನಾನು ಬಾವಿಗೆ ಹೋಗಿ ಒಂದು ಬಿಂದಿಗೆ ಸೇದಿ ತಂದು, ಜನರ ನಡುವೆ ನುಗ್ಗಿ, ಎರಡೂ ಕಾಲಿಗೆ ಸುರಿದೆ.

"ಏನಮ್ಮಾ ಇದು, ತಣ್ಣೀರು ಹಾಕ್ತಾರೇನೇ?" ಎಂದು ಯಾರೋ ಗದರಿದರು. ಎದುರುಮನೆ ಅಜ್ಜಿ, "ಹಾಕ್ಲಿ ಬಿಡ್ರೋ. ಅವಳಿಗೆ ಗೊತ್ತು" ಎಂದಳು.

ಹೆಣಕ್ಕೆ ರುಮಾಲು ಸುತ್ತಬೇಕೆಂದು ಕೇಳಿದರು. ಕೊಂಬೆಯ ಮೇಲೆ ದಿನಾ ನೋಡುತ್ತಿದ್ದ ಆ ಕೆಂಪು ರುಮಾಲನ್ನು ಒಳಗೆ ತೆಗೆದುಕೊಂಡು ಹೋಗಿ ಬಿಚ್ಚಿದೆ. ಒಳಮಡಿಕೆಯಲ್ಲಿ ಮೇಣದ ಬಟ್ಟೆಯ ಸಣ್ಣ ಪೊಟ್ಟಣ. ಅದರೊಳಗೆ ಒಂದು ಲಕೋಟೆ. ಅಂಚು ಸವೆದು ಬಟ್ಟೆಯಂತಾಗಿತ್ತು. ಒಳಗೆ ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು, ಕೆಳಗೆ ಸರ್ಕಾರದ ಮೊಹರು.

ಅದನ್ನು ಹಿಡಿದುಕೊಂಡೇ ಹೊರಗೆ ಬಂದೆ. ಪೋಸ್ಟ್ ಮಾಸ್ಟರು ಚಪ್ಪಲಿ ಬಿಟ್ಟು ಆಗತಾನೆ ಅಂಗಳಕ್ಕೆ ಬಂದಿದ್ದರು. ನನ್ನ ಕೈಯಲ್ಲಿದ್ದ ಲಕೋಟೆ ನೋಡಿ ಅವರ ಮುಖ ಬಿಳಿಚಿಕೊಂಡಿತು. ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ನಾನು ಯಾರಿಗೂ ಹೇಳಿಲ್ಲಮ್ಮ. ಅವರು ಆಣೆ ಹಾಕಿಸ್ಕೊಂಡಿದ್ರು... ಈಗ ಓದಿ ಹೇಳ್ಲಾ?"

ಅಂಗಳದ ತುಂಬ ಹೆಂಗಸರು. ನನ್ನ ಎರಡು ಕೈಗಳ ತುಂಬ ಹಸಿರು ಬಳೆ. ಅವರು ಬಾಯಿಬಿಟ್ಟು ಓದಿದರೆ ಆ ಹೆಂಗಸರು ಅಲ್ಲೇ, ಅಂಗಳದ ಕಲ್ಲಿನ ಮೇಲೇ, ನನ್ನ ಬಳೆ ಒಡೆಯುತ್ತಿದ್ದರು. ಕುಂಕುಮ ಅಳಿಸುತ್ತಿದ್ದರು. ಯಾರಿಗೂ ಗೊತ್ತಾಗಬಾರದೆಂದು ಆ ಮುದುಕ ಇಷ್ಟು ವರ್ಷ ಇದನ್ನು ತಲೆಯ ಮೇಲೆ ಹೊತ್ತು ಓಡಿದ್ದರು. ಇಂಥದ್ದೇ ಇನ್ನೊಂದು ಕಾಗದ ಬಂದು, ಬೇರೆ ಯಾರೋ ತಂದು, ನನ್ನ ಮುಂದೆ ಓದಿಬಿಟ್ಟರೆ ಎಂದು ಚೀಲ ಬಿಟ್ಟುಕೊಟ್ಟಿರಲಿಲ್ಲ. ಮಗ ಹೋದನೆಂದು ಒಂದು ದಿನವೂ ಬಾಯಿಬಿಟ್ಟು ಅತ್ತಿರಲಿಲ್ಲ. ತೊಟ್ಟಿಯಲ್ಲಿ ಮುಳುಗಿ ಎದ್ದ ದಿನ ಒಂದನ್ನು ಬಿಟ್ಟರೆ...

"ಬೇಡಿ ಸ್ವಾಮಿ" ಎಂದೆ. ಲಕೋಟೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವರು ತಲೆಯಾಡಿಸಿ ಹಿಂದೆ ಸರಿದರು. ನನಗೆ ಅಳು ಬರಲಿಲ್ಲ. ಆ ಹೊತ್ತಿಗೆ ಏನೂ ಅನ್ನಿಸಲಿಲ್ಲ. ಅವತ್ತು ಅನ್ನಿಸದ್ದು ಆಮೇಲೂ ಅನ್ನಿಸಲಿಲ್ಲ, ಇದು ಸುಳ್ಳಲ್ಲ.

ತಮ್ಮ ಬಂದು ಲಕ್ಕೂರಿಗೆ ಕರೆದುಕೊಂಡು ಬಂದ. ಇಲ್ಲಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ ಸಿಕ್ಕಿತು, ಮುಪ್ಪಿನವರೆಗೂ ಅದನ್ನೇ ಮಾಡಿದೆ. ಇಂಗ್ಲಿಷ್ ಕಲಿತರೆ ದೊಡ್ಡ ತರಗತಿ ಕೊಡುತ್ತೇವೆ ಎಂದು ಹೆಡ್ ಮಾಸ್ಟರು ಎಷ್ಟೋ ಸಲ ಹೇಳಿದರು. ನಾನು ಒಂದಕ್ಷರವನ್ನೂ ಕಲಿಯಲಿಲ್ಲ. ತಲೆಗೆ ಹತ್ತುವುದಿಲ್ಲ ಎಂದೆ. ಪಾಪ, ನಂಬಿದರು. ಗಂಡ ಎಲ್ಲಿ ಎಂದು ಕೇಳಿದವರಿಗೆ, ಯುದ್ಧಕ್ಕೆ ಹೋದರು, ಕಾಗದ ಇಲ್ಲ ಎನ್ನುತ್ತಿದ್ದೆ. ಲಕೋಟೆ ನನ್ನ ಟ್ರಂಕಿನಲ್ಲಿ ಸೀರೆಯ ಅಡಿಯಲ್ಲಿದೆ. ಟಬ್ಬಿನಲ್ಲಿ ಕೂತಿದ್ದಾಳಲ್ಲ, ಈ ಹುಡುಗಿ ಒಂದು ಗಳಿಗೆಯಲ್ಲಿ ಓದಿ ಹೇಳಿಯಾಳು.

"ಅಜ್ಜಿ, ಕಾಲು ಇದೆಯೋ ಇಲ್ವೋ ಗೊತ್ತೇ ಆಗ್ತಿಲ್ಲ" ಎಂದಳು ಅವಳು, ನೀರಿನಿಂದ ಏಳುತ್ತ. ಒದ್ದೆ ಗೋಣಿಯನ್ನು ಅವಳ ಮೀನಖಂಡಕ್ಕೆ ಸುತ್ತಿ ಗಂಟು ಹಾಕಿದೆ. "ಕಾಲೆತ್ತಿ ಗೋಡೆಗೆ ಒರಗಿಸಿ ಮಲಕ್ಕೊ. ಗೊತ್ತಾಗುತ್ತೆ" ಎಂದೆ.

ಗಂಡ ಸತ್ತಿದ್ದಾರೆಂದು ನನಗೆ ಗೊತ್ತು. ಗೊತ್ತಿಲ್ಲದಿರಲು ನಾನೇನು ಮಗುವೇ? ಮಾವನೂ ಹೋದರು, ಎಮ್ಮೆಯೂ ಹೋಯಿತು, ಆ ಬಾವಿಯೂ ಈಗ ಇರಲಿಕ್ಕಿಲ್ಲ. ನನಗೆ ಆ ಮಾತು ಹೇಳುವವರು ಯಾರೂ ಉಳಿದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಹಣೆಗೆ ಕುಂಕುಮ ಇಟ್ಟುಕೊಳ್ಳುವ ಮೊದಲು, ನಾನೇ ಹೇಳಿಕೊಳ್ಳುತ್ತೇನೆ: ಇವತ್ತೂ ಇಲ್ಲ ಅಮ್ಮಾಯಿ.